ಸಿಪಾಯಿಯ ಕಣ್ಣಿಗೆ ಬಿದ್ದದ್ದು, ಬೀಳದ್ದು

ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಒಕ್ಕೂಟಕ್ಕೆ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ 1881ರಲ್ಲಿ ಎರಡು ದಪ್ಪ ಸಂಪುಟಗಳನ್ನು ಹೊರತಂದ. ಪುಟಪುಟವೂ ಸಂವಿಧಾನ, ರಾಜ್ಯಗಳ ಹಕ್ಕು, ತಾನು ಮಾಡಿದ್ದೆಲ್ಲ ಸರಿ ಎಂಬ ವಾದ. ಅದೇ ವರ್ಷ ಟೆನೆಸಿಯ ಕೊಲಂಬಿಯಾ ಎಂಬ ಊರಿನ ಪತ್ರಿಕೆಯಲ್ಲಿ ಸ್ಯಾಮ್ ವಾಟ್ಕಿನ್ಸ್ ಎಂಬ ಮಾಜಿ ಸಿಪಾಯಿ ತನ್ನ ಯುದ್ಧದ ನೆನಪುಗಳನ್ನು ಕಂತುಕಂತಾಗಿ ಬರೆಯತೊಡಗಿದ. ಮರುವರ್ಷ ಅವು ‘ಕಂಪನಿ ಏಚ್’ ಎಂಬ ಪುಸ್ತಕವಾದವು. ಡೇವಿಸನ ಸಂಪುಟಗಳನ್ನು ಇಂದು ಸಂಶೋಧಕರ ಹೊರತು ಮುಟ್ಟುವವರು ಕಡಿಮೆ. ವಾಟ್ಕಿನ್ಸನ ಪುಸ್ತಕವಾದರೋ ಮತ್ತೆ ಮತ್ತೆ ಅಚ್ಚಾಗುತ್ತಿದೆ. 1990ರಲ್ಲಿ ಕೆನ್ ಬರ್ನ್ಸ್ ತನ್ನ ಸಾಕ್ಷ್ಯಚಿತ್ರದಲ್ಲಿ ದಕ್ಷಿಣದ ಸಾಮಾನ್ಯ ಸೈನಿಕನ ದನಿಯಾಗಿ ಆರಿಸಿಕೊಂಡದ್ದೂ ಇವನನ್ನೇ.

ಈ ಜನಪ್ರಿಯತೆ ಸುಮ್ಮನೆ ಬಂದದ್ದಲ್ಲ. ಶೈಲೋ, ಪೆರಿವಿಲ್, ಚಿಕಮಾಗಾ, ಅಟ್ಲಾಂಟಾ, ಫ್ರಾಂಕ್ಲಿನ್ ಹೀಗೆ ಪಶ್ಚಿಮ ರಣರಂಗದ ದೊಡ್ಡ ಕಾಳಗಗಳನ್ನೆಲ್ಲ ಕಂಡು ಬದುಕಿ ಬಂದವನು ಅವನು. 1861ರಲ್ಲಿ ಅವನ ಸೇನಾ ತುಕಡಿಯಾದ ಈ ‘ಕಂಪನಿ ಏಚ್’ ಸೇರಿದ್ದವರು 120 ಮಂದಿ. 1865ರ ಏಪ್ರಿಲ್‌ನಲ್ಲಿ ಸೇನೆ ಶರಣಾದಾಗ ಉಳಿದಿದ್ದವರು 7. ಆಮೇಲೆ ಸೇರಿಕೊಂಡವರು, ಜೊತೆಗೂಡಿಸಿದ ಇನ್ನೊಂದು ರೆಜಿಮೆಂಟಿನವರು ಎಲ್ಲರನ್ನೂ ಕೂಡಿಸಿದರೆ ರೆಜಿಮೆಂಟಿನಲ್ಲಿ 3,200 ಜನ ಇದ್ದರೆಂದೂ ಕೊನೆಯ ದಿನ ನಿಂತಿದ್ದವರು 65 ಮಾತ್ರ ಎಂದೂ ಅವನೇ ಲೆಕ್ಕ ಕೊಡುತ್ತಾನೆ. ಇಪ್ಪತ್ತು ವರ್ಷದ ಹಿಂದಿನದನ್ನು ನೆನಪಿನಿಂದಲೇ ಬರೆದ ಲೆಕ್ಕ ಇದು. ಇತಿಹಾಸ ಬೇಕಾದವರು ಇತಿಹಾಸಕಾರರ ಬಳಿ ಹೋಗಲಿ ಎಂದು ಅವನೇ ಪದೇಪದೇ ಹೇಳಿ ಕೈತೊಳೆದುಕೊಳ್ಳುತ್ತಾನೆ. ಆ ವಿನಯದಲ್ಲಿ ಸ್ವಲ್ಪ ಕಿಲಾಡಿತನವೂ ಇದೆ.

ಅವನ ಹಾಸ್ಯಕ್ಕೆ ಹಲ್ಲಿದೆ. ತಾನು ಗುರಿಯಿಡುತ್ತಿದ್ದದ್ದು ಯಾವಾಗಲೂ ಎದುರಿನ ಸಿಪಾಯಿಗಳಿಗೇ ಅನ್ನುತ್ತಾನೆ: ಗುಂಡು ಹಾರಿಸಿ ಕೊಲ್ಲುವವರು ಅವರು, ಅಧಿಕಾರಿಗಳಿಂದ ಯಾರಿಗೂ ಅಪಾಯವಿಲ್ಲ! ಆದರೆ 1864ರ ಜೂನ್ 27ರ ಕೆನೆಸಾ ಬೆಟ್ಟದ ಕಾಳಗಕ್ಕೆ ಬರುವಾಗ ನಗೆ ಉಡುಗುತ್ತದೆ. ಕೋವಿಯ ನಳಿಗೆ ಕಾದು, ಗುಂಡು ಇಳಿಸುವ ಮೊದಲೇ ಮದ್ದು ಭಗ್ಗೆನ್ನುತ್ತದೆ. ಬಿಸಿಲಿಗೆ, ದಣಿವಿಗೆ ಜನ ಕಂದಕದಲ್ಲೇ ವಾಂತಿ ಮಾಡಿಕೊಳ್ಳುತ್ತಾರೆ. ತನಗೆ ಗುರಿಯಿಟ್ಟ ಕೋವಿಯ ಬಾಯಿಗೆ ಕೈಯೊಡ್ಡಿ ಜೊತೆಗಾರನೊಬ್ಬ ಪ್ರಾಣ ಬಿಟ್ಟದ್ದನ್ನು ಬರೆಯುವಾಗ ಅವನು ಶೌರ್ಯದ ಭಾಷಣ ಬಿಗಿಯುವುದಿಲ್ಲ. ಸೇನಾಧಿಪತಿಗಳ ಆತ್ಮಕಥೆಗಳಲ್ಲಿ ಹುಡುಕಿದರೂ ಸಿಗದ ಬರಹ ಇದು.

ಮೇಲಿನವರ ಮೇಲೆ ಅವನಿಗೆ ಮುಲಾಜಿಲ್ಲ. ತಾನಿದ್ದ ಜನರಲ್ ಬ್ರಾಗ್‌ನ ಸೇನೆಯಲ್ಲಿ ಓಡಿಹೋದವರಿಗೆ ಬಿದ್ದ ಚಾಟಿ, ಬರೆ, ಗುಂಡಿನ ಶಿಕ್ಷೆ ಯಾವುದನ್ನೂ ಮುಚ್ಚಿಡುವುದಿಲ್ಲ. 1862ರ ಏಪ್ರಿಲ್‌ನಲ್ಲಿ ದಕ್ಷಿಣದ ಸರ್ಕಾರ ಕಡ್ಡಾಯ ಸೇನಾಭರ್ತಿ ಕಾಯಿದೆ ತಂದು, ಒಂದು ವರ್ಷಕ್ಕೆಂದು ಬಂದವರನ್ನು ಮೂರು ವರ್ಷಕ್ಕೆ ಹಿಡಿದಿಟ್ಟುಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್ನೊಂದು ಕಾಯಿದೆ: ಇಪ್ಪತ್ತು ಅಥವಾ ಹೆಚ್ಚು ಗುಲಾಮರಿರುವ ತೋಟವೊಂದಕ್ಕೆ ಒಬ್ಬ ಬಿಳಿಯನಿಗೆ ಸೇನೆಯಿಂದ ವಿನಾಯಿತಿ. ತಿಂಗಳಿಗೆ 11 ಡಾಲರ್ ಸಂಬಳದ ಸಿಪಾಯಿಗಳ ಹೊಟ್ಟೆ ಉರಿಯದೆ ಇದ್ದೀತೆ? ಯುದ್ಧ ಸಿರಿವಂತರದು, ಸಾಯುವುದು ಬಡವರು ಎಂಬ ಮಾತು ಪಾಳೆಯದಲ್ಲಿ ಹರಡಿತು. ಆ ಸಿಟ್ಟನ್ನು ವಾಟ್ಕಿನ್ಸ್ ಹಾಗೆಹಾಗೇ ದಾಖಲಿಸಿದ್ದಾನೆ.

ಪುಸ್ತಕದ ದೋಷ ಬಯಲಾಗುವುದೂ ಇಲ್ಲಿಯೇ. ಇಪ್ಪತ್ತು ಗುಲಾಮರ ಒಡೆಯ ಮನೆಯಲ್ಲೇ ಉಳಿದನೆಂಬುದು ಅವನ ತಕರಾರು; ಆ ಇಪ್ಪತ್ತು ಜನ ಅಲ್ಲಿ ಯಾಕಿದ್ದರು ಎಂದು ಅವನು ಕೇಳುವುದಿಲ್ಲ. ಕಪ್ಪು ಜನ ಪುಸ್ತಕದಲ್ಲಿ ಅಲ್ಲಲ್ಲಿ ಸುಳಿಯುತ್ತಾರೆ, ಬಡಿಸಲಿಕ್ಕೆ ಇಲ್ಲವೆ ನಗಿಸಲಿಕ್ಕೆ. ಯುದ್ಧದ ಕಾರಣದ ಮಾತು ಬಂದರೆ ಉತ್ತರ ದಕ್ಷಿಣ ಎಂಬುದು ಬರೀ ದಿಕ್ಕಿನ ಜಗಳವೆಂಬಂತೆ ತಮಾಷೆ ಮಾಡಿ ಜಾರಿಕೊಳ್ಳುತ್ತಾನೆ.

ಇದನ್ನು ಸಿಪಾಯಿಯ ಮುಗ್ಧತೆ ಎಂದು ಮೆಚ್ಚಿಕೊಳ್ಳುವ ಓದುಗರು ಬಹಳ. ಆ ಮೆಚ್ಚುಗೆ ದಾರಿ ತಪ್ಪಿಸುವಂಥದು. ಇತಿಹಾಸಕಾರ ಜೇಮ್ಸ್ ಮ್ಯಾಕ್‌ಫರ್ಸನ್ ಎರಡೂ ಕಡೆಯ ಸೈನಿಕರ 25,000ಕ್ಕೂ ಹೆಚ್ಚು ಪತ್ರಗಳನ್ನು, 249 ದಿನಚರಿಗಳನ್ನು ಓದಿ 1997ರಲ್ಲಿ ಪುಸ್ತಕ ಬರೆದರು. ಅವರು ಆಯ್ದುಕೊಂಡ ದಕ್ಷಿಣದ ಸೈನಿಕರಲ್ಲಿ ಗುಲಾಮಗಿರಿಯನ್ನು ಬಾಯಿಬಿಟ್ಟು ಸಮರ್ಥಿಸಿದವರು ಶೇ. 20ರಷ್ಟೇ. ಉಳಿದವರು ಅದನ್ನು ವಿರೋಧಿಸಿದರೆಂದಲ್ಲ. ವಾದಿಸುವ ವಿಷಯವೆಂದೇ ಅವರಿಗೆ ಅನ್ನಿಸಿರಲಿಲ್ಲ ಎಂದು ಮ್ಯಾಕ್‌ಫರ್ಸನ್ ವಿವರಿಸುತ್ತಾರೆ. ವಾಟ್ಕಿನ್ಸನ ಮೌನವೂ ಅದೇ ಜಾತಿಯದು. 1881ರ ಹೊತ್ತಿಗೆ ಸೋತ ಪಕ್ಷದ ಶೌರ್ಯವನ್ನು ಕೊಂಡಾಡಿ ಗುಲಾಮಗಿರಿಯನ್ನು ಮರೆಸುವ ಕೆಲಸ ಭರದಿಂದ ನಡೆದಿತ್ತು. ಜನರಲ್‌ಗಳನ್ನು ಗೇಲಿ ಮಾಡಿದ ಈ ಪುಸ್ತಕವೂ ತನಗರಿವಿಲ್ಲದೆ ಅದಕ್ಕೆ ಹೆಗಲು ಕೊಟ್ಟಿತು.

ಇನ್ನೊಂದು ಕೊರತೆ ವಾಟ್ಕಿನ್ಸನದಲ್ಲ, ಅವನನ್ನು ದಕ್ಷಿಣದ ಸಾಮಾನ್ಯ ಸೈನಿಕನ ಏಕೈಕ ಮಾದರಿ ಮಾಡಿಕೊಂಡವರದು. ಅವನ ಟೆನೆಸಿಯಿಂದಲೇ ಸುಮಾರು 20,000 ಕಪ್ಪು ಸೈನಿಕರು ಲಿಂಕನ್ ಸೇನೆಯ ನೀಲಿ ಸಮವಸ್ತ್ರ ತೊಟ್ಟಿದ್ದರು. ಅವರೂ ದಕ್ಷಿಣದ ಮಣ್ಣಿನವರೇ, ಹೆಚ್ಚಿನವರು ಗುಲಾಮಗಿರಿಯಿಂದ ಹೊರಬಂದವರು. 1864ರ ಡಿಸೆಂಬರ್ 16ರಂದು ನ್ಯಾಶ್‌ವಿಲ್‌ನ ಹೊರವಲಯದ ಪೀಚ್ ಆರ್ಚರ್ಡ್ ದಿಬ್ಬವನ್ನು ಏರಿಹೋದ ಕಪ್ಪು ಸೈನಿಕರ 13ನೇ ರೆಜಿಮೆಂಟು, ಹಿಂದಿನ ವರ್ಷ ಅದೇ ರಾಜ್ಯದಲ್ಲಿ ಕಟ್ಟಿದ್ದು. ರೈಲುಹಳಿ ಹಾಕುವ ಕೆಲಸಕ್ಕೂ ಅದನ್ನು ಹಚ್ಚಿದ್ದರು. ಆ ಒಂದೇ ದಾಳಿಯಲ್ಲಿ ಅದರ ಸುಮಾರು 220 ಮಂದಿ ಸತ್ತರು ಇಲ್ಲವೆ ಗಾಯಗೊಂಡರು. ದಿಬ್ಬವನ್ನು ಕಾಯುತ್ತಿದ್ದ ದಕ್ಷಿಣದ ಜನರಲ್ ಹೋಲ್ಟ್ಸ್‌ಕ್ಲಾ ತನ್ನ ವರದಿಯಲ್ಲಿ ಅವರ ಧೈರ್ಯವನ್ನು ಒಪ್ಪಿಕೊಂಡಿದ್ದಾನೆ. ವಾಟ್ಕಿನ್ಸ್ ಹೋರಾಡಿ ಗಾಯಗೊಂಡದ್ದು ಇದೇ ನ್ಯಾಶ್‌ವಿಲ್‌ನಲ್ಲಿ.