ಕಂಬ ತಂದರೆ ತೊಟ್ಟಿ ಬರುವುದಿಲ್ಲ

ಮಲೆನಾಡಿನಲ್ಲೋ ಚೆಟ್ಟಿನಾಡಿನಲ್ಲೋ ಹಳೆಯ ಮನೆಯೊಂದನ್ನು ಕೆಡವಿದರೆ ಅದರ ಕಂಬಗಳು ಬೆಂಗಳೂರಿನ ಹೊಸ ಮನೆಗಳ ಹಾಲ್‌ಗೆ ಬಂದು ನಿಲ್ಲುತ್ತವೆ. ಮೇಲೆ ಆರ್‌ಸಿಸಿ ತಾರಸಿ. ಕಂಬ ಏನನ್ನೂ ಹೊರುವುದಿಲ್ಲ. ಇದನ್ನು ಪರಂಪರೆ ಎನ್ನುವವರೊಡನೆ ನನ್ನ ತಕರಾರು. ಇಂಥ ಕಂಬಗಳು ನಿಲ್ಲುತ್ತಿದ್ದ ತೊಟ್ಟಿ ಮನೆಯಲ್ಲಿ ನಾಲ್ಕೂ ಕಡೆಯ ಮಾಡು ಒಳಮುಖವಾಗಿ ಇಳಿದು ಮಳೆನೀರನ್ನು ನಡುವಂಗಳದ ತೊಟ್ಟಿಗೆ ಸುರಿಯುತ್ತದೆ. ಆ ಮಾಡಿನ ಅಂಚನ್ನು ಹೊತ್ತು ನಿಲ್ಲುವುದು ಕಂಬದ ಕಸುಬು, ಕೆತ್ತನೆ ಆಮೇಲಿನ ಸೊಗಸು. ತೊಟ್ಟಿ ಬಯಲಿಗೆ ತೆರೆದಿರುವುದರಿಂದಲೇ ಬಿಸಿಗಾಳಿ ಮೇಲೇರಿ ಹೋಗುತ್ತದೆ, ಕಿಟಕಿಯಿಲ್ಲದ ಒಳಕೋಣೆಗೂ ಬೆಳಕು ಮುಟ್ಟುತ್ತದೆ. ತೊಟ್ಟಿಯನ್ನು ಬಿಟ್ಟು ಕಂಬವನ್ನಷ್ಟೇ ತಂದರೆ ಬಂದದ್ದು ಬರೀ ಮರ.

ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಕೂಡ ಕೊಲಂಬೊದ ತಮ್ಮ ಮನೆಗೆ ಚೆಟ್ಟಿನಾಡಿನ ಕಂಬ ತಂದಿರಲಿಲ್ಲವೇ ಎಂದು ಕೇಳುವವರುಂಟು. ತಂದಿದ್ದರು, ನಿಜ. ಆದರೆ ಸಾಲಾಗಿದ್ದ ನಾಲ್ಕು ಸಣ್ಣ ಮನೆಗಳನ್ನು ಒಂದಾದಮೇಲೊಂದು ಸೇರಿಸಿಕೊಂಡು, ನಡುನಡುವೆ ಆಕಾಶ ಕಾಣುವ ಪುಟ್ಟ ಅಂಗಳಗಳನ್ನು ಬಿಟ್ಟ ಮನೆಗೆ ತಂದದ್ದು. 1960ರ ದಶಕದ ಆರಂಭದಲ್ಲಿ ಕಲಾವಿದೆ ಎನಾ ಡಿ ಸಿಲ್ವಾ ಅವರಿಗಾಗಿ ಕಟ್ಟಿದ ಮನೆಯಲ್ಲಂತೂ ನಗರದ ನಿವೇಶನದಲ್ಲೇ ನಡುವಂಗಳ ಇಟ್ಟು ಅದರ ಸುತ್ತ ಕೋಣೆಗಳನ್ನು ಜೋಡಿಸಿದರು. ಬಾವಾ ಹಳೆಯ ಮನೆಗಳಿಂದ ಮೊದಲು ಎತ್ತಿಕೊಂಡದ್ದು ಗಾಳಿ ಬೆಳಕಿನ ಲೆಕ್ಕವನ್ನು.

ಮೂವತ್ತು ನಲವತ್ತರ ಸೈಟಿನಲ್ಲಿ ಅಂಗಳವೆಲ್ಲಿಂದ ಬರಬೇಕು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ದೊಡ್ಡ ತೊಟ್ಟಿ ಅಲ್ಲಿ ಸಾಧ್ಯವಿಲ್ಲ. ಮೆಟ್ಟಿಲಿನ ಪಕ್ಕ ಆರಡಿ ಅಗಲ, ಎಂಟಡಿ ಉದ್ದದ ಒಂದು ಬಯಲು ಸಾಧ್ಯ. ಅಷ್ಟನ್ನೂ ಬಿಟ್ಟವರು ಮಳೆಗೆ ಹೆದರಿ ಮೇಲೆ ಪ್ಲಾಸ್ಟಿಕ್ ಶೀಟು ಬಿಗಿದುಬಿಡುತ್ತಾರೆ. ಆಗ ಬೆಳಕೇನೋ ಬರುತ್ತದೆ, ಬಿಸಿಗಾಳಿ ಮಾತ್ರ ಹೊರಗೆ ಹೋಗದೆ ಕೆಳಗಿನವರ ನೆತ್ತಿ ಸುಡುತ್ತದೆ. ಶೀಟನ್ನು ಗೋಡೆಯ ತಲೆಯಿಂದ ಒಂದೂವರೆ ಅಡಿ ಎತ್ತರಿಸಿ, ಸುತ್ತ ಅಗಲವಾಗಿ ಹೊರಚಾಚಿಸಿ, ಬದಿಗೆ ಸೊಳ್ಳೆ ಜಾಲರಿ ಹಾಕಿದರೆ ಗಾಳಿಗೆ ದಾರಿಯಿರುತ್ತದೆ. ಕಳ್ಳರ ಭಯಕ್ಕೆ ಸರಳು ಸಾಕು.

ಇನ್ನೊಂದು ತುದಿಯಲ್ಲಿ ಶುದ್ಧಿವಾದಿಗಳಿದ್ದಾರೆ. ಹೊಸ ಸಾಮಗ್ರಿ ಸೋಕಿದರೆ ಅವರಿಗೆ ಮೈಲಿಗೆ. ಅವರೂ ಕೊಂಡಾಡುವ ಮಂಗಳೂರು ಹಂಚು 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯ ಮಾಲು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಆ ಹಂಚು ಕರಾವಳಿಯ ಮಳೆ ತಡೆದದ್ದಕ್ಕೆ ನಮ್ಮವರು ಹುಲ್ಲಿನ ಮಾಡನ್ನೂ ನಾಡಹಂಚನ್ನೂ ಇಳಿಸಿ ಅದನ್ನು ಹೊದಿಸಿದರು. ಮಾಡಿನ ಇಳಿಜಾರು, ಜಗಲಿಗೆ ಚಾಚಿದ ಸೂರು, ಒಳಗಿನ ತೊಟ್ಟಿ ಇದ್ದಲ್ಲೇ ಉಳಿದವು. ಹಳೆಯದರಿಂದ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಹಾಗಾಗಿ ಮನೆ ಕಟ್ಟಿಸಲು ಹೊರಟವರು ಹಳೇ ಮರದ ಅಂಗಡಿಗೆ ಹೋಗುವ ಮೊದಲು ನಕ್ಷೆಯಲ್ಲಿ ಮೆಟ್ಟಿಲಿನ ಪಕ್ಕದ ಆ ನಲವತ್ತೆಂಟು ಚದರಡಿ ಬಯಲನ್ನು ಗುರುತು ಹಾಕಿಸಿಕೊಳ್ಳಿ.