ಜಲವರ್ಣ ಮತ್ತು ಪಿಕ್ಸೆಲ್: ‘ಫೈನಲ್ ಫ್ಯಾಂಟಸಿ’ಯ ಪಾತ್ರವಿನ್ಯಾಸ

ಪಾತ್ರಧಾರಣೆಯ ವಿಡಿಯೊ ಆಟಗಳ ಚರ್ಚೆಯಲ್ಲಿ ಪರಿಕಲ್ಪನಾ ಚಿತ್ರವನ್ನು ಮೂಲಕೃತಿಯೆಂದೂ ಪರದೆಯ ಮೇಲಿನ ಆಕೃತಿಯನ್ನು ಅದರ ಬಡ ನಕಲೆಂದೂ ಎಣಿಸುವುದುಂಟು. ಜಪಾನಿನ ‘ಫೈನಲ್ ಫ್ಯಾಂಟಸಿ’ ಸರಣಿಯು ಈ ತರತಮವನ್ನು ಒಪ್ಪಗೊಡುವುದಿಲ್ಲ.

1987ರಲ್ಲಿ ಸ್ಕ್ವೇರ್ ಸಂಸ್ಥೆ ಹೊರತಂದ ಮೊದಲ ಆಟಕ್ಕೆ ಪಾತ್ರಗಳನ್ನು ಕಲ್ಪಿಸಿದವರು ಯೋಶಿತಾಕ ಅಮಾನೊ. ತೆಳುವಾದ ರೇಖೆ, ಗಾಳಿಗೆ ಹಾರುವ ವಸ್ತ್ರ, ಒಂದರೊಳಗೊಂದು ಕರಗುವ ಬಣ್ಣಗಳು ಅವರ ಶೈಲಿಯ ಲಕ್ಷಣಗಳು. ಆದರೆ ಫ್ಯಾಮಿಕಾಮ್ ಯಂತ್ರದಲ್ಲಿ, ನಕ್ಷೆಯ ಮೇಲೆ ನಡೆಯುವ ಪಾತ್ರಕ್ಕೆ ದೊರೆತದ್ದು ಉದ್ದಗಲ 16 ಪಿಕ್ಸೆಲ್‌ಗಳ ಚೌಕ ಹಾಗೂ ಬೆರಳೆಣಿಕೆಯ ಬಣ್ಣಗಳು ಮಾತ್ರ. ಈ ಮಿತಿಯೊಳಗೆ ಆಕೃತಿಗಳನ್ನು ರೂಪಿಸಿದವರು ಕಝುಕೊ ಶಿಬುಯಾ. ರೇಖೆಯ ಲಾಲಿತ್ಯ ಅಲ್ಲಿ ಉಳಿಯುವಂತಿರಲಿಲ್ಲ. ಉಳಿಯಬೇಕಾದದ್ದು ಪಾತ್ರದ ಗುರುತು. ಮಂತ್ರವಾದಿಯ ಚೂಪು ಟೋಪಿ ಮತ್ತು ಕತ್ತಲು ಕವಿದ ಮುಖ ಇದಕ್ಕೆ ನಿದರ್ಶನ. ಇದು ನಕಲಲ್ಲ, ಆಯ್ಕೆ.

1994ರ ಆರನೆಯ ಆಟದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಜಪಾನಿ ಆವೃತ್ತಿಯ ಟೀನಾ ಅಮಾನೊ ಅವರ ಚಿತ್ರಗಳಲ್ಲಿ ಹೊಂಬಣ್ಣದ ಕೂದಲಿನವಳು. ಪರದೆಯಲ್ಲಿ ಅವಳ ಕೂದಲು ಹಸಿರು. ಆದರೂ ಆಟಗಾರನಿಗೆ ಅವಳು ಇಬ್ಬರಲ್ಲ, ಒಬ್ಬಳೇ. ಚಿತ್ರ ಸೂಚಿಸಿದ್ದನ್ನು ಆಕೃತಿ ನಡೆಸುತ್ತದೆ. ನಡುವಿನ ಬಿರುಕನ್ನು ಆಟಗಾರನ ಕಲ್ಪನೆ ತುಂಬುತ್ತದೆ. ಆದುದರಿಂದ ಕುಂಚಕ್ಕಷ್ಟೇ ಕರ್ತೃತ್ವ ಸಲ್ಲಿಸಿ ಪಿಕ್ಸೆಲ್ ಕಲಾವಿದರನ್ನು ಮರೆಯುವ ವಿಮರ್ಶೆ ಅರ್ಧ ಕೃತಿಯನ್ನು ಮಾತ್ರ ಓದಿದಂತೆ.