ಹೊರಬರುವ ಷರತ್ತಿಲ್ಲದ ಲೂಪ್

ಕೋಡ್ ಬರೆಯೋರು ಲೂಪ್ ಕಂಡ ತಕ್ಷಣ ಕೇಳೋ ಪ್ರಶ್ನೆ ಒಂದೇ: ಇದರಿಂದ ಹೊರಗೆ ಬರೋದು ಯಾವಾಗ? ಕೋವಿಡ್ ಕಾಲದಲ್ಲಿ ಹಾಂಗ್‌ಕಾಂಗ್ ತನ್ನ ವಿಮಾನ ಸಿಬ್ಬಂದಿಗೆ ಹಾಕಿದ ನಿಯಮ ಓದುವಾಗ ಅದೇ ಪ್ರಶ್ನೆ ಎದ್ದಿತು.

2021ರ ಫೆಬ್ರವರಿಯಲ್ಲಿ ಬಂದ ನಿಯಮ ಇದು. ಹೊರದೇಶದಲ್ಲಿ ತಂಗಿ ಬಂದ ಸಿಬ್ಬಂದಿಗೆ 14 ದಿನ ಹೋಟೆಲ್ ಕ್ವಾರಂಟೈನ್, ಆಮೇಲೆ 7 ದಿನ ನಿಗಾ. ಇದಕ್ಕೆ ಕ್ಯಾಥೆ ಪೆಸಿಫಿಕ್ ಕಂಡುಕೊಂಡ ದಾರಿಯ ಹೆಸರೇ ‘ಕ್ಲೋಸ್ಡ್ ಲೂಪ್’. ಮೂರು ವಾರ ಹಾರಾಟ, ಎರಡು ವಾರ ಹೋಟೆಲ್ ಕೋಣೆ, ಎರಡು ವಾರ ಮನೆ. ಮತ್ತೆ ಮೊದಲಿನಿಂದ. ಹಾರಾಟದ ವಾರಗಳಲ್ಲಾದರೂ ಊರು ನೋಡೋಣ ಅಂದ್ರೆ ಅದೂ ಇಲ್ಲ. ಇಳಿದ ಊರಲ್ಲೂ ಕೋಣೆ ಬಿಡೋ ಹಾಗಿಲ್ಲ. ಅಂದ್ರೆ ಏಳು ವಾರಕ್ಕೆ ಐದು ವಾರ ಕಾಕ್‌ಪಿಟ್, ವ್ಯಾನು, ಕೋಣೆ, ಅಷ್ಟೇ.

ಇದಕ್ಕೆ ಸೇರೋದು ಅವರವರ ಇಷ್ಟ ಅಂತ ಕಂಪನಿ ಹೇಳಿತ್ತು. ಆದ್ರೆ ಕೆಲವೇ ತಿಂಗಳ ಹಿಂದೆ, 2020ರ ಅಕ್ಟೋಬರಿನಲ್ಲಿ, ಅದೇ ಕಂಪನಿ 5,900 ಕೆಲಸ ತೆಗೆದು, ಕ್ಯಾಥೆ ಡ್ರ್ಯಾಗನ್ ಮುಚ್ಚಿ, ಉಳಿದವರ ಮುಂದೆ ಕಡಿಮೆ ಸಂಬಳದ ಹೊಸ ಕರಾರು ಇಟ್ಟಿತ್ತು. ಲೇಆಫ್ ಆದ ವಾರ ಮ್ಯಾನೇಜರ್ ಬಂದು ‘ವೀಕೆಂಡ್ ಕೆಲಸಕ್ಕೆ ಯಾರು ಬರ್ತೀರಾ?’ ಅಂದಾಗ ಎಷ್ಟು ಕೈ ಏಳುತ್ತೆ, ಯಾಕೆ ಏಳುತ್ತೆ, ನಿಮಗೆ ನಾನು ಹೇಳಬೇಕಾ?

ಭಯಕ್ಕೆ ಕಾರಣ ಇರಲಿಲ್ಲ ಅಂತಲ್ಲ. 2003ರ ಸಾರ್ಸ್‌ನಲ್ಲಿ 299 ಜನರನ್ನ ಕಳ್ಕೊಂಡ ಊರು ಅದು. ಇಕ್ಕಟ್ಟಿನ ಮನೆಗಳು, ಮೇಲಿಂದ ಮೇಲೆ ಮಹಡಿಗಳು. ಬಿಗಿಯಾಗಿರಲೇಬೇಕಿತ್ತು. ನನ್ನ ತಕರಾರು ಬಿಗಿಯ ಬಗ್ಗೆ ಅಲ್ಲ, ಆ ಬಿಗಿಯನ್ನ ಯಾರ ಮೈಮೇಲೆ ಕಟ್ಟಿದ್ರು ಅನ್ನೋದರ ಬಗ್ಗೆ. ಪ್ರಯಾಣಿಕನಿಗೆ ಕ್ವಾರಂಟೈನ್ ಒಂದು ಸಲ ಮುಗಿಯೋ ಕಷ್ಟ. ಪೈಲಟ್‌ಗೆ ಅದೇ ನೌಕರಿ.

ನವೆಂಬರಿನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ತಂಗಿ ಬಂದ ಮೂವರು ಕಾರ್ಗೋ ಪೈಲಟ್‌ಗಳಿಗೆ ಪಾಸಿಟಿವ್ ಬಂತು. ನಿಯಮ ಮುರಿದಿದ್ದಾರೆ ಅಂತ ಕೆಲಸದಿಂದ ತೆಗೆದ್ರು. ಆ ಹೋಟೆಲಿನಲ್ಲೇ ತಂಗಿದ್ದ ಉಳಿದವರೂ ಸೇರಿ ನೂರಕ್ಕೂ ಹೆಚ್ಚು ಸಿಬ್ಬಂದಿ ಪೆನ್ನೀಸ್ ಬೇ ಸರ್ಕಾರಿ ಕೇಂದ್ರಕ್ಕೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತ ನಮ್ಮ ಕಡೆ ಹೇಳೋದು ಇದಕ್ಕೇ. ಮೂವರದ್ದು ತಪ್ಪು, ಒಪ್ಪೋಣ. ಆದ್ರೆ ಯಾರೊಬ್ಬರೂ ಒಂದು ದಿನವೂ ತಪ್ಪದೆ ತಿಂಗಳುಗಟ್ಟಲೆ ಕೋಣೆಯಲ್ಲೇ ಇರ್ತಾರೆ ಅಂತ ನಂಬಿ ಕಟ್ಟಿದ ಸಿಸ್ಟಮ್ ಕೋಡ್ ರಿವ್ಯೂನಲ್ಲೇ ವಾಪಸ್ ಬರಬೇಕಿತ್ತು.

ಅದೇ ತಿಂಗಳು ಫೆಡೆಕ್ಸ್ ತನ್ನ ಪೈಲಟ್‌ಗಳ ಹಾಂಗ್‌ಕಾಂಗ್ ಬೇಸ್ ಮುಚ್ಚೋದಾಗಿ ಹೇಳಿತು. ಡಿಸೆಂಬರ್ ಕೊನೆಗೆ ಸಿಬ್ಬಂದಿ ನಿಯಮ ಇನ್ನೂ ಬಿಗಿಯಾಗಿ, ಕ್ಯಾಥೆ ದೂರದ ಕಾರ್ಗೋ ಹಾರಾಟವನ್ನೇ ಒಂದು ವಾರ ನಿಲ್ಲಿಸಿತು.

ಇಷ್ಟೆಲ್ಲ ಕಾವಲು ವಿಮಾನ ನಿಲ್ದಾಣದ ಬಾಗಿಲಲ್ಲಿ ನಡೀತಿದ್ದಾಗ, ಊರೊಳಗೆ 80 ದಾಟಿದವರಲ್ಲಿ ಹೆಚ್ಚಿನವರಿಗೆ ಲಸಿಕೆಯೇ ಆಗಿರಲಿಲ್ಲ. 2022ರ ಆರಂಭದ ಐದನೇ ಅಲೆಯಲ್ಲಿ ಅಲ್ಲಿ ಸಾವಿರಾರು ಜನ ಸತ್ತರು, ಬಹುತೇಕರು ವೃದ್ಧರು.